ಸದಲಗೆಯ ಪ್ರಾಕೃತ ಪಂಡಿತರು: ಡಾ. ಉಪಾಧ್ಯೆಯವರ ಜೀವಿತಕಾರ್ಯ

ನಾಡಿನ ಹಿರಿಮೆಯನ್ನು ಬಾಯಿಂದ ಹೇಳಿಕೊಳ್ಳುವದು ಬೇರೆ, ಅದನ್ನು ಆಧಾರಸಹಿತವಾಗಿ ಸಿದ್ಧಮಾಡಿ ತೋರಿಸುವದು ಬೇರೆ. ಮೊದಲನೆಯದಕ್ಕೆ ಉತ್ಸಾಹವೊಂದಿದ್ದರೆ ಸಾಕು. ಎರಡನೆಯದಕ್ಕೆ ಒಂದು ಆಯುಷ್ಯವೇ ಬೇಕಾಗುವದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಈ ನಮ್ಮ ಭಾಗದಲ್ಲಿ ಗಡಿಯ ಮಾತು ಎದ್ದಾಗಲೆಲ್ಲ ಮೊದಲನೆಯ ಬಗೆಯ ಕೆಲಸಕ್ಕೆ ಜನರ ಕೊರತೆ ಎಂದೂ ಆಗಿಲ್ಲ. ಎರಡನೆಯ ಬಗೆಯ ಕೆಲಸವನ್ನು ನಾಲ್ವತ್ತೈದು ವರ್ಷ ಸದ್ದಿಲ್ಲದೆ ನಡಿಸಿದ ಮಹನೀಯರೊಬ್ಬರು ಇದೇ ಮಣ್ಣಿನಲ್ಲಿ ಹುಟ್ಟಿದ್ದರೆಂಬದನ್ನು ಮಾತ್ರ ನಮ್ಮಲ್ಲಿ ಅನೇಕರು ಮರೆತಿರುವರು. ಅವರೇ ಡಾ. ಆದಿನಾಥ ನೇಮಿನಾಥ ಉಪಾಧ್ಯೆಯವರು. ರಾಜಾರಾಮ ಕಾಲೇಜಿನ ಪ್ರಾಧ್ಯಾಪಕರು, ಶಿವಾಜಿ ವಿದ್ಯಾಪೀಠದ ಕಲಾವಿಭಾಗದ ಡೀನರು, ಮೈಸೂರು ವಿಶ್ವವಿದ್ಯಾನಿಲಯದ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗದ ಮೊದಲ ಪ್ರಾಧ್ಯಾಪಕರು ಎಂಬ ಪದವಿಗಳು ಅವರಿಗೆ ಒಂದರ ಹಿಂದೊಂದು ಬಂದವು. ಆದರೆ ಪದವಿಗಳು ಪೀಠದೊಡನೆ ಮುಂದಿನವರಿಗೆ ಸಲ್ಲುವಂಥವು. ಅವರು ಬರೆದಿಟ್ಟ ಪೀಠಿಕೆಗಳೂ ಲೇಖನಗಳೂ ಅವರದಾಗಿಯೇ ಉಳಿದಿವೆ. ಮತ್ತು ಅವು ನಮ್ಮವೂ ಹೌದು.

ಉಪಾಧ್ಯೆಯವರು 1906ನೆಯ ಇಸವಿಯ ಫೆಬ್ರುವರಿ 6ರಂದು ಚಿಕ್ಕೋಡಿ ತಾಲೂಕಿನ ಸದಲಗೆಯಲ್ಲಿ ಜನಿಸಿದರು. ಸದಲಗೆಯು ದೂಧಗಂಗೆಯ ತೀರದ ಊರು. ಇದೇ ಊರಿನಲ್ಲಿ 1946ರಲ್ಲಿ ಹುಟ್ಟಿದ ಬಾಲಕನೊಬ್ಬನು ಮುಂದೆ ಆಚಾರ್ಯ ವಿದ್ಯಾಸಾಗರ ಮುನಿಗಳೆಂದು ದೇಶಪ್ರಸಿದ್ಧನಾದನು. ಪಕ್ಕದ ಭೋಜ ಗ್ರಾಮವು ಆಚಾರ್ಯ ಶಾಂತಿಸಾಗರರನ್ನು ಕೊಟ್ಟಿತು. ಧರ್ಮವೂ ಶಾಸ್ತ್ರವೂ ಈ ಸೀಮೆಯ ಗಾಳಿಯಲ್ಲಿಯೇ ಇದ್ದವೆಂದು ಹೇಳಿದರೆ ಅದು ಅತಿಶಯೋಕ್ತಿಯಾಗಲಾರದು. ಉಪಾಧ್ಯೆ ಎಂಬ ಅಡ್ಡಹೆಸರೇ ಬಸದಿಯ ಪೂಜಾವೃತ್ತಿಯನ್ನು ಸೂಚಿಸುವಂಥದು. ತಲೆತಲಾಂತರದಿಂದ ಮಂತ್ರಗಳನ್ನೂ ಸ್ತೋತ್ರಗಳನ್ನೂ ಕಂಠಪಾಠ ಮಾಡುತ್ತ ಬಂದ ಇಂಥ ಮನೆತನದ ಮಗನು, ಆ ಮಂತ್ರಗಳ ಭಾಷೆ ಯಾವದು, ಅದು ಯಾವ ಕಾಲದ್ದು, ಅದನ್ನು ಬರೆದವರು ಯಾರು ಎಂದು ಕೇಳತೊಡಗಿದನು. ಅವರ ಜೀವಿತಕಾರ್ಯವೆಲ್ಲ ಈ ಮೂರು ಪ್ರಶ್ನೆಗಳಿಂದಲೇ ಹುಟ್ಟಿತೆನ್ನಬಹುದು.

ಆಗ ಈ ಭಾಗವು ಮುಂಬಯಿ ಇಲಾಖೆಗೆ ಸೇರಿದ್ದಿತು. ಊರಿನ ಶಾಲೆಯನ್ನು ಮುಗಿಸಿ, ಬೆಳಗಾವಿಯಲ್ಲಿ ಪ್ರೌಢಶಿಕ್ಷಣವನ್ನು ಪಡೆದು, ಉಪಾಧ್ಯೆಯವರು ಮುಂಬಯಿ ವಿದ್ಯಾಪೀಠದ ಪದವೀಧರರಾದರು. 1930ರಲ್ಲಿ ಎಂ.ಎ. ಪರೀಕ್ಷೆಯಲ್ಲಿ ತೇರ್ಗಡೆಯಾದರು. ಆ ಕಾಲದಲ್ಲಿ ಸಂಸ್ಕೃತವನ್ನು ಓದಿದವರಿಗೆ ಗೌರವವಿದ್ದಿತು. ಇಂಗ್ಲಿಷನ್ನು ಓದಿದವರಿಗೆ ನೌಕರಿಯಿದ್ದಿತು. ಪ್ರಾಕೃತವನ್ನು ಆರಿಸಿಕೊಂಡವರಿಗೆ ಇವೆರಡರ ಭರವಸೆಯೂ ಕಡಿಮೆಯೇ. ನಾಟಕಗಳಲ್ಲಿ ಸ್ತ್ರೀಯರೂ ಸೇವಕರೂ ಆಡುವ ಮಾತೆಂದು ಪಂಡಿತರು ಅದನ್ನು ಬದಿಗಿರಿಸುತ್ತಿದ್ದರು. ಆದರೆ ಮಹಾವೀರಸ್ವಾಮಿಯ ಉಪದೇಶವು ಜನರ ನುಡಿಯಾದ ಅರ್ಧಮಾಗಧಿಯಲ್ಲಿ ಹರಿದುಬಂದಿತು. ಮಹಾರಾಷ್ಟ್ರೀ, ಶೌರಸೇನೀ, ಅಪಭ್ರಂಶಗಳಲ್ಲಿ ಸಾವಿರ ವರ್ಷಕ್ಕೂ ಮಿಕ್ಕಿ ಸಾಹಿತ್ಯವು ಬೆಳೆಯಿತು. ಇಂದಿನ ಹಿಂದೀ, ಗುಜರಾಥೀ, ಮರಾಠೀ ಭಾಷೆಗಳ ಬೇರು ಅಲ್ಲಿಯೇ ಇರುವದು. ಈ ಬೇರನ್ನು ಅಗೆದು ನೋಡಬೇಕೆಂದು ತರುಣ ಉಪಾಧ್ಯೆಯವರು ಮನಸ್ಸು ಮಾಡಿದರು. ಎಂ.ಎ. ಆದ ವರ್ಷವೇ ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯ ಅಧ್ಯಾಪಕರಾಗಿ ನಿಯುಕ್ತರಾಗಿ, 1962ರ ವರೆಗೆ, ಅಂದರೆ 32 ವರ್ಷ, ಅದೇ ಕಾಲೇಜಿನಲ್ಲಿ ನಿಂತರು.

ಕೊಲ್ಲಾಪುರವು ಆಗ ಛತ್ರಪತಿಗಳ ಸಂಸ್ಥಾನದ ರಾಜಧಾನಿ. ಅಲ್ಲಿಯ ಆಡಳಿತದ ಭಾಷೆ ಮರಾಠಿಯಾದರೂ, ರಾಜಾರಾಮ ಕಾಲೇಜು ಕನ್ನಡಕ್ಕೆ ಪರಕೀಯ ಸ್ಥಳವಾಗಿರಲಿಲ್ಲ. ಕೆ. ಜಿ. ಕುಂದಣಗಾರರು ಅಲ್ಲಿ ಅಧ್ಯಾಪಕರಾಗಿದ್ದು, ಉತ್ತರ ಕರ್ನಾಟಕದ ಮತ್ತು ಕೊಲ್ಲಾಪುರ ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿ 1939ರಲ್ಲಿ ಅಚ್ಚುಹಾಕಿಸಿದರು. ವಿನಾಯಕ ಕೃಷ್ಣ ಗೋಕಾಕರು ಅದೇ ಕಾಲೇಜಿನ ಪ್ರಾಂಶುಪಾಲರಾಗಿ ಕೆಲಕಾಲ ಇದ್ದರು. ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠವು 1958ರಲ್ಲಿ ಗೋಕಾಕರಿಗೆ, 1961ರಲ್ಲಿ ಕುಂದಣಗಾರರಿಗೆ, 1967ರಲ್ಲಿ ಉಪಾಧ್ಯೆಯವರಿಗೆ ಸಂದಿತು. ಮರಾಠೀ ನಾಡಿನ ಒಂದೇ ಕಾಲೇಜು ಹತ್ತು ವರ್ಷದೊಳಗೆ ಮೂವರು ಸಮ್ಮೇಳನಾಧ್ಯಕ್ಷರನ್ನು ಕನ್ನಡಕ್ಕೆ ಕೊಟ್ಟಿತೆಂಬ ಸಂಗತಿಯನ್ನು ಗಡಿಯ ಇಬ್ಬದಿಯವರೂ ನೆನಪಿನಲ್ಲಿಡುವದು ಒಳ್ಳೆಯದು.

ಉಪಾಧ್ಯೆಯವರು ಮಾಡಿದ ಕೆಲಸವೇನೆಂಬದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಏಕೆಂದರೆ ಗ್ರಂಥಸಂಪಾದನೆಯೆಂದರೆ ಹಳೆಯ ಪುಸ್ತಕವನ್ನು ಮತ್ತೆ ಅಚ್ಚುಹಾಕಿಸುವದೆಂದು ಅನೇಕರು ತಿಳಿದಿರುವರು. ಪ್ರಾಚೀನ ಗ್ರಂಥವೊಂದು ನಮ್ಮ ಕೈಗೆ ಬರುವದು ಓಲೆಯಿಂದ ಓಲೆಗೆ ನಕಲಾಗುತ್ತ. ನಕಲು ಮಾಡುವವನ ಕಣ್ಣು ಒಂದು ಸಾಲನ್ನು ಹಾರಿಸುವದು. ಅವನ ಕೈ ಒಂದು ಅಕ್ಷರವನ್ನು ತಿರುಚುವದು. ಅರ್ಥವಾಗದ ಮಾತನ್ನು ಅವನು ತನಗೆ ಅರ್ಥವಾಗುವಂತೆ ತಿದ್ದಿಬಿಡುವದೂ ಉಂಟು. ನೂರಾರು ವರ್ಷಗಳಲ್ಲಿ ಇಂಥ ತಪ್ಪುಗಳು ಒಂದರ ಮೇಲೊಂದು ಕೂಡಿಕೊಳ್ಳುವವು. ಸಂಪಾದಕನು ದೊರೆತಷ್ಟು ಪ್ರತಿಗಳನ್ನು ತಂದು, ಸಾಲುಸಾಲಾಗಿ ಹೋಲಿಸಿ, ಕವಿಯು ಬರೆದಿರಬಹುದಾದ ಪಾಠವನ್ನು ನಿರ್ಣಯಿಸಿ, ಉಳಿದ ಪಾಠಾಂತರಗಳನ್ನು ಅಡಿಯಲ್ಲಿ ಕೊಡಬೇಕು. ಬಳಿಕ ಕವಿಯ ಕಾಲವನ್ನೂ ದೇಶವನ್ನೂ ಒಳಗಿನ ಮತ್ತು ಹೊರಗಿನ ಸಾಕ್ಷ್ಯಗಳಿಂದ ಗೊತ್ತುಪಡಿಸಬೇಕು. ಒಂದು ಶಬ್ದಕ್ಕಾಗಿ ಒಂದು ವಾರವನ್ನು ಕಳೆಯುವ ತಾಳ್ಮೆಯಿಲ್ಲದವನು ಈ ಕೆಲಸಕ್ಕೆ ಕೈಹಾಕಬಾರದು.

ಪ್ರಾಕೃತ ಗ್ರಂಥಗಳಿಗೆ ಇನ್ನೊಂದು ತೊಡಕು ಉಂಟು. ಅವುಗಳಲ್ಲಿ ಹಲವು ಮುಖ್ಯ ಗ್ರಂಥಗಳ ಪ್ರತಿಗಳು ಹಳಗನ್ನಡ ಲಿಪಿಯಲ್ಲಿ ಉಳಿದುಬಂದಿವೆ. ಆ ಲಿಪಿಯಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳ ಭೇದವು ಎಷ್ಟೋ ಕಡೆ ಕಣ್ಣಿಗೆ ಕಾಣುವದಿಲ್ಲ. ಪ್ರಾಕೃತದಲ್ಲಿ ದ್ವಿತ್ವಾಕ್ಷರಗಳು ಹೇರಳ. ಅವುಗಳನ್ನು ಬರೆಯುವ ಶ್ರಮವನ್ನು ಉಳಿಸಲು ಲಿಪಿಕಾರರು ಅಕ್ಷರದ ಹಿಂದೆ ಒಂದು ಸೊನ್ನೆಯನ್ನಿಟ್ಟು ಮುಂದೆ ಸಾಗುವರು. ಆ ಸೊನ್ನೆಯು ಅನುಸ್ವಾರವೋ ದ್ವಿತ್ವದ ಗುರುತೋ ಎಂಬದನ್ನು ಓದುವವನೇ ನಿರ್ಣಯಿಸಬೇಕು. ಪ್ರಾಕೃತವನ್ನು ಬಲ್ಲ ಉತ್ತರದ ಪಂಡಿತನಿಗೆ ಲಿಪಿ ತಿಳಿಯದು. ಲಿಪಿಯನ್ನು ಬಲ್ಲ ನಮ್ಮ ಕಡೆಯವನಿಗೆ ಪ್ರಾಕೃತ ತಿಳಿಯದು. ಎರಡೂ ತಿಳಿದು, ಮೇಲಾಗಿ ಐರೋಪ್ಯ ವಿದ್ವಾಂಸರ ಸಂಶೋಧನ ಪದ್ಧತಿಯನ್ನು ಕೈವಶ ಮಾಡಿಕೊಂಡವರು ಬೆರಳೆಣಿಕೆಯ ಜನ. ಸದಲಗೆಯ ಈ ತರುಣನಿಗೆ ಅವೆಲ್ಲ ಒಂದೆಡೆ ಕೂಡಿಬಂದವು.

1931ರಲ್ಲಿ, ತಮ್ಮ 25ನೆಯ ವಯಸ್ಸಿನಲ್ಲಿ, ಪುಣೆಯ ಭಾಂಡಾರಕರ ಸಂಸ್ಥೆಯ ಪತ್ರಿಕೆಯಲ್ಲಿ ಅವರು ದೇಶೀ ಕೋಶಗಳಲ್ಲಿಯ ಕನ್ನಡ ಶಬ್ದಗಳನ್ನು ಕುರಿತು ಒಂದು ಲೇಖನವನ್ನು ಪ್ರಕಟಿಸಿದರು. ಗುಜರಾಥದ ಹೇಮಚಂದ್ರಾಚಾರ್ಯನು 12ನೆಯ ಶತಮಾನದಲ್ಲಿ ಸಂಸ್ಕೃತದಿಂದ ಸಾಧಿಸಲು ಬಾರದ ಪ್ರಾಕೃತ ಶಬ್ದಗಳನ್ನೆಲ್ಲ ಕೂಡಿಸಿ ದೇಶೀನಾಮಮಾಲೆಯೆಂಬ ಕೋಶವನ್ನು ರಚಿಸಿದ್ದನು. ಅವುಗಳಲ್ಲಿ ಕೆಲವು ಶಬ್ದಗಳ ಮೂಲವು ಕನ್ನಡದಲ್ಲಿರುವದನ್ನು ಉಪಾಧ್ಯೆಯವರು ತೋರಿಸಿದರು. ಕನ್ನಡವು ಸಂಸ್ಕೃತ ಪ್ರಾಕೃತಗಳಿಂದ ಸಾಲ ತಂದಿತೆಂಬದನ್ನು ಎಲ್ಲರೂ ಬಲ್ಲರು. ಅದು ಸಾಲ ಕೊಟ್ಟದ್ದೂ ಉಂಟೆಂಬ ಲೆಕ್ಕವನ್ನು ಹೀಗೆ ಬರೆದಿಡುವವರು ಬೇಕಾಗಿದ್ದರು.

1935ರಲ್ಲಿ ಕುಂದಕುಂದಾಚಾರ್ಯರ ಪ್ರವಚನಸಾರವು ಅವರ ಸಂಪಾದಕತ್ವದಲ್ಲಿ ಮುಂಬಯಿಯ ರಾಯಚಂದ್ರ ಜೈನ ಶಾಸ್ತ್ರಮಾಲೆಯಲ್ಲಿ ಹೊರಬಂದಿತು. ಅದಕ್ಕೆ ಅವರು ಬರೆದ ಇಂಗ್ಲಿಷ್ ಪೀಠಿಕೆಯೇ ಒಂದು ಗ್ರಂಥದಷ್ಟಿದೆ. ಕುಂದಕುಂದರ ಕಾಲವನ್ನು ಕುರಿತು ಪರಂಪರೆಯ ಕಥೆಗಳು ಹಲವು, ಪಂಡಿತರ ಊಹೆಗಳು ಹಲವು. ಉಪಾಧ್ಯೆಯವರು ಒಂದೊಂದನ್ನೂ ತಕ್ಕಡಿಗೆ ಹಾಕಿ ತೂಗಿ, ಕ್ರಿಸ್ತಶಕದ ಆರಂಭದ ಸುಮಾರಿಗೆ ಅವರನ್ನು ಇರಿಸುವದು ಯುಕ್ತವೆಂಬ ಅಭಿಪ್ರಾಯಕ್ಕೆ ಬಂದರು. ತಾವು ಪೂಜಿಸುವ ಆಚಾರ್ಯರ ವಿಷಯದಲ್ಲಿಯೂ ಭಕ್ತಿಯು ಪ್ರಮಾಣದ ಜಾಗವನ್ನು ಆಕ್ರಮಿಸಬಾರದೆಂಬ ಎಚ್ಚರವು ಆ ಪೀಠಿಕೆಯಲ್ಲಿ ಆದ್ಯಂತ ಕಾಣುವದು. ಎರಡು ವರ್ಷಗಳ ಮೇಲೆ, 1937ರಲ್ಲಿ, ಜೋಇಂದುವಿನ ಪರಮಾತ್ಮಪ್ರಕಾಶವು ಬಂದಿತು. ಅದು ಅಪಭ್ರಂಶ ಭಾಷೆಯ ಆಧ್ಯಾತ್ಮಿಕ ದೋಹೆಗಳ ಗ್ರಂಥ. ಹೇಮಚಂದ್ರನು ತನ್ನ ವ್ಯಾಕರಣದಲ್ಲಿ ಕೊಟ್ಟ ಉದಾಹರಣೆಗಳಲ್ಲಿ ಕೆಲವು ಈ ಗ್ರಂಥದಿಂದಲೇ ಬಂದವೆಂಬದನ್ನು ಅವರು ತೋರಿಸಿದರು. ಅದಕ್ಕೆ ಕನ್ನಡದಲ್ಲಿ ಟೀಕೆಗಳು ಹುಟ್ಟಿದ್ದವೆಂಬದನ್ನೂ ವಿದ್ವಲ್ಲೋಕದ ಎದುರಿಗಿಟ್ಟರು.

1938ರಲ್ಲಿ ಪ್ರಕಟವಾದ ವರಾಂಗಚರಿತದ ವೃತ್ತಾಂತವು ಕನ್ನಡಿಗರಿಗೆ ವಿಶೇಷ ಸ್ವಾರಸ್ಯದ್ದು. ಕೊಲ್ಲಾಪುರದ ಲಕ್ಷ್ಮೀಸೇನ ಭಟ್ಟಾರಕರ ಮಠದ ಓಲೆಗಳಲ್ಲಿ ಈ ಸಂಸ್ಕೃತ ಕಾವ್ಯವು ಉಪಾಧ್ಯೆಯವರ ಕಣ್ಣಿಗೆ ಬಿದ್ದಿತು. ಗ್ರಂಥದೊಳಗೆ ಕವಿಯ ಹೆಸರಿಲ್ಲ. ಅವರು ಇತರ ಗ್ರಂಥಗಳನ್ನು ಶೋಧಿಸಿದರು. ಕುವಲಯಮಾಲೆಯಲ್ಲಿ, ಹರಿವಂಶಪುರಾಣದಲ್ಲಿ, ಆದಿಪುರಾಣದಲ್ಲಿ ಈ ಕವಿಯ ಅಥವಾ ಕಾವ್ಯದ ಸ್ಮರಣೆಯಿದ್ದಿತು. ಚಾವುಂಡರಾಯನು ತನ್ನ ಕನ್ನಡ ಪುರಾಣದಲ್ಲಿ ಇದರ ಪದ್ಯವನ್ನು ಎತ್ತಿಕೊಟ್ಟಿದ್ದನು. ನಮ್ಮ ಹಳಗನ್ನಡ ಕವಿಗಳು ಜಟಾಸಿಂಹನಂದಿಯನ್ನು ಭಕ್ತಿಯಿಂದ ನೆನೆದಿದ್ದರು. ಇವೆಲ್ಲವನ್ನೂ ಜೋಡಿಸಿ, ಕವಿಯು ಜಟಾಸಿಂಹನಂದಿಯೇ, ಅವನ ಕಾಲವು ಸುಮಾರು 7ನೆಯ ಶತಮಾನವೆಂದು ಅವರು ನಿಶ್ಚಯಿಸಿದರು. ಕೊಪ್ಪಳದ ಬೆಟ್ಟದಲ್ಲಿ ಜಟಾಸಿಂಗನಂದಿ ಆಚಾರ್ಯರ ಪಾದಗಳನ್ನು ಚಾವಯ್ಯನೆಂಬವನು ಮಾಡಿಸಿದನೆಂದು ಹೇಳುವ ಹಳಗನ್ನಡ ಶಾಸನವೊಂದಿದೆ. ಆ ಕಲ್ಲು ಕೊಪ್ಪಳದಲ್ಲಿ, ಓಲೆ ಕೊಲ್ಲಾಪುರದಲ್ಲಿ, ಪದ್ಯ ಚಾವುಂಡರಾಯನ ಪುರಾಣದಲ್ಲಿ ಚದುರಿಬಿದ್ದಿದ್ದವು. ಮೂರನ್ನೂ ಓದಬಲ್ಲ ಒಬ್ಬನು ಬಂದಾಗ, ಸಾವಿರದ ಮುನ್ನೂರು ವರ್ಷಗಳ ಹಿಂದಿನ ಕವಿಯೊಬ್ಬನಿಗೆ ಅವನ ಕಾವ್ಯವು ತಿರುಗಿ ಸಂದಿತು.

ಈ ಎಲ್ಲ ಶ್ರಮಕ್ಕಾಗಿ ಮುಂಬಯಿ ವಿದ್ಯಾಪೀಠವು 1939ರಲ್ಲಿ ಅವರಿಗೆ ಡಿ.ಲಿಟ್. ಪದವಿಯನ್ನು ಕೊಟ್ಟಿತು. ಅದೇ ವರ್ಷ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಕನ್ನಡ ಲಿಪಿಯ ಓಲೆಗಳಲ್ಲಿ ಉಳಿದುಬಂದಿದ್ದ ಷಟ್ಖಂಡಾಗಮವು ಧವಲಾ ಟೀಕೆಯೊಡನೆ ಅಚ್ಚಿಗೆ ಬರತೊಡಗಿತು. ಪ್ರಧಾನ ಸಂಪಾದಕರಾದ ಡಾ. ಹೀರಾಲಾಲ ಜೈನರಿಗೆ ಉಪಾಧ್ಯೆಯವರು ನೆರವಾಗಿ ನಿಂತರು. ಆ ಕಾರ್ಯವು 16 ಸಂಪುಟಗಳಾಗಿ ಸುಮಾರು ಎರಡು ದಶಕ ನಡೆಯಿತು. ಇವರಿಬ್ಬರ ಜೊತೆಯು ವಿದ್ವತ್ಪ್ರಪಂಚದಲ್ಲಿ ಹೆಸರಾದದ್ದು. ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಯಲ್ಲಿ ತಿಲೋಯಪಣ್ಣತ್ತಿಯನ್ನು ಇಬ್ಬರೂ ಕೂಡಿ 1943ರಲ್ಲಿಯೂ 1951ರಲ್ಲಿಯೂ ಎರಡು ಭಾಗಗಳಲ್ಲಿ ಹೊರತಂದರು. ಇಂಥ ಮಾಲೆಗಳ ಪ್ರಧಾನ ಸಂಪಾದಕತ್ವವನ್ನು ಜೊತೆಯಾಗಿ ಹೊತ್ತು, ಇತರರ ಎಷ್ಟೋ ಗ್ರಂಥಗಳಿಗೆ ಬೆಳಕು ಕಾಣಿಸಿದರು.

ಎಲ್ಲಕ್ಕೂ ಮಿಗಿಲಾಗಿ ಕನ್ನಡಿಗರು ತಿಳಿಯಬೇಕಾದದ್ದು ಗೊಮ್ಮಟಸಾರದ ಟೀಕೆಯ ಪ್ರಸಂಗ. ಗಂಗರ ಮಂತ್ರಿಯೂ ಸೇನಾನಿಯೂ ಆದ ಚಾವುಂಡರಾಯನಿಗಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯು ಪ್ರಾಕೃತದಲ್ಲಿ ರಚಿಸಿದ ಗೊಮ್ಮಟಸಾರವು ಜೈನ ಕರ್ಮಸಿದ್ಧಾಂತದ ಮುಖ್ಯ ಪಾಠಗ್ರಂಥ. ಉತ್ತರದ ಪಂಡಿತರು ಅದನ್ನು ಓದುತ್ತಿದ್ದದ್ದು ಜೀವತತ್ತ್ವಪ್ರದೀಪಿಕೆಯೆಂಬ ಸಂಸ್ಕೃತ ಟೀಕೆಯ ಸಹಾಯದಿಂದ. 18ನೆಯ ಶತಮಾನದಲ್ಲಿ ಜಯಪುರದ ಪಂಡಿತ ಟೋಡರಮಲ್ಲರು ಅದನ್ನೇ ಆಧರಿಸಿ ತಮ್ಮ ದೇಶಭಾಷೆಯಲ್ಲಿ ವಿವರಣೆಯನ್ನು ಬರೆದರು. ಆ ಸಂಸ್ಕೃತ ಟೀಕೆಯ ಕರ್ತೃ ಕೇಶವವರ್ಣಿಯೆಂದು ಬಹುಕಾಲ ಎಲ್ಲರೂ ನಂಬಿದ್ದರು. 1940ರಲ್ಲಿ ಉಪಾಧ್ಯೆಯವರು ಟೀಕೆಯ ಕೊನೆಯ ಪದ್ಯಗಳನ್ನೂ ಕನ್ನಡ ಹಸ್ತಲಿಖಿತವನ್ನೂ ಸೂಕ್ಷ್ಮವಾಗಿ ಪರೀಕ್ಷಿಸಿ, ಕೇಶವವರ್ಣಿಯು ಬರೆದದ್ದು ಸಂಸ್ಕೃತದಲ್ಲಿ ಅಲ್ಲ, ಕನ್ನಡದಲ್ಲಿ ಎಂಬದನ್ನು ಸಿದ್ಧಪಡಿಸಿದರು. ಅದು ಮುಗಿದದ್ದು ಶಕ 1281ರಲ್ಲಿ, ಅಂದರೆ ಕ್ರಿ.ಶ. 1359ರಲ್ಲಿ. ಸಂಸ್ಕೃತ ಟೀಕೆಯು ಅದನ್ನು ಅನುಸರಿಸಿ ಬಹುಕಾಲದ ಮೇಲೆ, 16ನೆಯ ಶತಮಾನದಲ್ಲಿ, ಇನ್ನೊಬ್ಬ ನೇಮಿಚಂದ್ರನು ಬರೆದದ್ದು.

ಇದರ ಅರ್ಥವನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬೇಕು. ಶಾಸ್ತ್ರವೆಂದರೆ ಸಂಸ್ಕೃತದಲ್ಲಿ ಹುಟ್ಟಿ ಕನ್ನಡಕ್ಕೆ ಇಳಿದುಬರುವಂಥದೆಂದು ನಾವೇ ನಂಬಿಕೊಂಡಿದ್ದೆವು. ಅತ್ಯಂತ ಗಹನವಾದ ತತ್ತ್ವವಿಚಾರವು, ಗಣಿತದ ಲೆಕ್ಕಾಚಾರಗಳೊಡನೆ, ಇಲ್ಲಿ ಮೊದಲು ಕನ್ನಡದಲ್ಲಿ ವಿವರಿಸಲ್ಪಟ್ಟು, ಕನ್ನಡದಿಂದ ಸಂಸ್ಕೃತಕ್ಕೆ ಹೋಗಿ, ಅಲ್ಲಿಂದ ಜಯಪುರದ ಶ್ರಾವಕರ ಮನೆಗಳನ್ನು ಮುಟ್ಟಿತು. ಗುರುವಿನ ಹೆಸರು ಉಳಿದು ಅವನ ಭಾಷೆಯ ಹೆಸರು ಅಳಿಸಿಹೋಗಿದ್ದಿತು. ಅದನ್ನು ತಿರುಗಿ ಬರೆದದ್ದು ಉಪಾಧ್ಯೆಯವರ ಲೇಖನಿ. ಆ ಕನ್ನಡ ಟೀಕೆಯನ್ನು ಪಂಡಿತ ಕೈಲಾಸಚಂದ್ರ ಶಾಸ್ತ್ರಿಗಳೊಡನೆ ಸಂಪಾದಿಸುವ ಕಾರ್ಯದಲ್ಲಿ ಅವರು ತೊಡಗಿದ್ದರು. ಭಾರತೀಯ ಜ್ಞಾನಪೀಠವು 1978ರಲ್ಲಿ ಅದನ್ನು ಪ್ರಕಟಿಸಲು ಆರಂಭಿಸಿದಾಗ ನೋಡಲು ಅವರು ಉಳಿದಿರಲಿಲ್ಲ.

ಗೊಮ್ಮಟನೆಂಬ ಹೆಸರಿನ ವಿಷಯದಲ್ಲಿಯೂ ಅವರದು ಸ್ವತಂತ್ರ ಅಭಿಪ್ರಾಯ. ಮಂಜೇಶ್ವರದ ಗೋವಿಂದ ಪೈಗಳು ಅದನ್ನು ಮನ್ಮಥ ಶಬ್ದದ ತದ್ಭವವೆಂದು ಹೇಳಿದ್ದರು. ಗೊಮ್ಮಟವೆಂಬದು ಚಾವುಂಡರಾಯನದೇ ಹೆಸರು, ಗೊಮ್ಮಟಸಾರದ ಗಾಹೆಗಳೇ ಇದಕ್ಕೆ ಸಾಕ್ಷಿ, ಅವನ ದೇವರಾದ್ದರಿಂದ ಗೊಮ್ಮಟೇಶ್ವರನೆಂಬ ನಾಮವು ಬಂದಿತೆಂದು ಉಪಾಧ್ಯೆಯವರು ಪ್ರತಿಪಾದಿಸಿದರು. ಇಬ್ಬರು ಗಡಿನಾಡಿನ ಪಂಡಿತರು, ಒಬ್ಬರು ನಾಡಿನ ತೆಂಕಣ ಅಂಚಿನವರು, ಒಬ್ಬರು ಬಡಗಣ ಅಂಚಿನವರು, ನಾಡಿನ ನಡುವೆ ನಿಂತ ಮೂರ್ತಿಯ ಒಂದು ಶಬ್ದಕ್ಕಾಗಿ ಇಷ್ಟು ಶ್ರಮಿಸಿದರೆಂಬದೇ ಹೆಮ್ಮೆಯ ಮಾತು.

ನಮ್ಮ ಸೀಮೆಯ ಇತಿಹಾಸಕ್ಕೆ ಅವರು ಮಾಡಿದ ಉಪಕಾರವು ಯಾಪನೀಯ ಸಂಘದ ಸಂಶೋಧನೆ. ಯಾಪನೀಯರೆಂಬ ಜೈನ ಮುನಿಗಳ ಪಂಗಡವೊಂದು ಒಂದು ಕಾಲಕ್ಕೆ ಕರ್ನಾಟಕದಲ್ಲಿ ಪ್ರಬಲವಾಗಿದ್ದು, ಬಳಿಕ ಸಂಪೂರ್ಣವಾಗಿ ಮರೆಯಾಯಿತು. ಅವರು ದಿಗಂಬರರಂತೆ ನಗ್ನರಾಗಿರುತ್ತಿದ್ದರು. ಆದರೆ ಶ್ವೇತಾಂಬರರಂತೆ ಸ್ತ್ರೀಯರಿಗೂ ಅದೇ ಜನ್ಮದಲ್ಲಿ ಮೋಕ್ಷವುಂಟೆಂದು ಹೇಳುತ್ತಿದ್ದರು. ಅಮೋಘವರ್ಷನ ಕಾಲದ ವೈಯಾಕರಣಿ ಶಾಕಟಾಯನನು ಈ ಪಂಗಡದವನೇ. ಸ್ತ್ರೀಮುಕ್ತಿಯನ್ನು ಸಮರ್ಥಿಸಿ ಅವನು ಪ್ರಕರಣವೊಂದನ್ನೇ ಬರೆದನು. ಖಾನಾಪುರ ತಾಲೂಕಿನ ಹಲಸಿಯಲ್ಲಿ ದೊರೆತ ಕದಂಬರ ತಾಮ್ರಪಟಗಳಲ್ಲಿ ಇವರಿಗೆ ಕೊಟ್ಟ ದತ್ತಿಯ ಉಲ್ಲೇಖವಿದೆ. ಕಾಗವಾಡದ ಬಸದಿಯ ನೆಲಮಾಳಿಗೆಯಲ್ಲಿರುವ 1394ರ ಶಾಸನವು ಯಾಪನೀಯ ಸಂಘದ ಗುರುಗಳನ್ನು ಹೆಸರಿಸುವದು. ಅಂದರೆ ಒಂಬತ್ತು ಶತಮಾನಗಳ ಆ ಪಂಗಡದ ಕಥೆಯ ಮೊದಲ ಪುಟವೂ ಕೊನೆಯ ಪುಟಗಳಲ್ಲೊಂದೂ ಬೆಳಗಾವಿ ಜಿಲ್ಲೆಯಲ್ಲಿಯೇ ಇರುವವು. 1933ರಲ್ಲಿ ಉಪಾಧ್ಯೆಯವರು ಮುಂಬಯಿ ವಿದ್ಯಾಪೀಠದ ಪತ್ರಿಕೆಯಲ್ಲಿ ಈ ವಿಷಯವನ್ನು ಮೊದಲು ವಿವರವಾಗಿ ಬರೆದರು. ನಾಲ್ಕು ದಶಕಗಳ ಮೇಲೆ, ತಮ್ಮ ಆಯುಷ್ಯದ ಕೊನೆಯ ವರ್ಷಗಳಲ್ಲಿ, ಹೊಸ ಶಾಸನಗಳ ಬೆಳಕಿನಲ್ಲಿ ಅದೇ ವಿಷಯಕ್ಕೆ ತಿರುಗಿ ಬಂದರು. ತಾವು ಬರೆದದ್ದೇ ಕೊನೆಯ ಮಾತೆಂದು ತಿಳಿಯದೆ ಇರುವದು ವಿದ್ವತ್ತೆಯ ಲಕ್ಷಣ.

ಅವರು ಸ್ವಧರ್ಮದ ಗ್ರಂಥಗಳಿಗೇ ತಮ್ಮನ್ನು ಕಟ್ಟಿಹಾಕಿಕೊಂಡವರಲ್ಲ. ಕೇರಳದ ರಾಮಪಾಣಿವಾದನ ಕಂಸವಹೋ ಕಾವ್ಯವನ್ನು 1940ರಲ್ಲಿ, ರುದ್ರದಾಸನ ಚಂದ್ರಲೇಖಾ ಸಟ್ಟಕವನ್ನು 1945ರಲ್ಲಿ, ಕೌತೂಹಲನ ಲೀಲಾವತೀ ಕಥೆಯನ್ನು 1949ರಲ್ಲಿ ಅದೇ ಶ್ರದ್ಧೆಯಿಂದ ಸಂಪಾದಿಸಿದರು. 1943ರಲ್ಲಿ ಹರಿಷೇಣನ ಬೃಹತ್ಕಥಾಕೋಶವನ್ನು ಪ್ರಕಟಿಸಿ, ಅದರ 157 ಕಥೆಗಳ ಮೂಲವನ್ನು ಆರಾಧನಾ ಸಾಹಿತ್ಯದಲ್ಲಿ ಹುಡುಕಿದರು. ನಮ್ಮ ವಡ್ಡಾರಾಧನೆಯ 19 ಕಥೆಗಳೂ ಅದೇ ಮರದ ಕೊಂಬೆಯೆಂಬದು ಅದರಿಂದ ಸ್ಪಷ್ಟವಾಯಿತು. 1959ರಲ್ಲಿ ಮೂಲವನ್ನೂ 1970ರಲ್ಲಿ ಪೀಠಿಕೆ ಮುಂತಾದ ಎರಡನೆಯ ಭಾಗವನ್ನೂ ಕಂಡ ಉದ್ದ್ಯೋತನಸೂರಿಯ ಕುವಲಯಮಾಲೆಯು ಶ್ವೇತಾಂಬರ ಗ್ರಂಥ, ಕ್ರಿ.ಶ. 779ರಲ್ಲಿ ರಾಜಸ್ಥಾನದ ಜಾಲೋರದಲ್ಲಿ ಮುಗಿದದ್ದು. ಅದರಲ್ಲಿ ವಿಜಯಪುರಿಯ ಪೇಟೆಯ ವರ್ಣನೆಯಿದೆ. ದೇಶದೇಶದ ವ್ಯಾಪಾರಿಗಳು ತಮ್ಮ ತಮ್ಮ ನುಡಿಯಲ್ಲಿ ಚೌಕಾಶಿ ಮಾಡುತ್ತಿರುವದನ್ನು ಕವಿಯು ಕೇಳಿ ಬರೆದಿರುವನು. ಆ ಪೇಟೆಯಲ್ಲಿ ಕರ್ಣಾಟಕದವನೂ ಇದ್ದಾನೆ, ಮಹಾರಾಷ್ಟ್ರದವನೂ ಇದ್ದಾನೆ; ಇಬ್ಬರ ಮಾತೂ ಬೇರೆ, ಪೇಟೆ ಒಂದೇ. ನಿಪ್ಪಾಣಿಯ ತಂಬಾಕಿನ ಪೇಟೆಯನ್ನು ಬಲ್ಲವರಿಗೆ ಈ ಚಿತ್ರವು ಹೊಸದಾಗಿ ಕಾಣಲಾರದು.

1949ರಲ್ಲಿ ಕೊಲ್ಲಾಪುರ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರಲ್ಲಿ ರಾಜ್ಯ ಪುನರ್ರಚನೆಯಾದಾಗ ಸದಲಗೆಯು ಮೈಸೂರು ರಾಜ್ಯಕ್ಕೆ ಬಂದಿತು, ಕೊಲ್ಲಾಪುರವು ಆ ಕಡೆ ಉಳಿಯಿತು. ಉಪಾಧ್ಯೆಯವರು ತಮ್ಮ ಮೇಜನ್ನು ಬಿಟ್ಟು ಏಳಲಿಲ್ಲ. ಗಡಿಯೇ ಬಂದು ಅವರ ಹುಟ್ಟೂರಿಗೂ ಕಾಲೇಜಿಗೂ ನಡುವೆ ಕೂತಿತು. 1962ರ ನವೆಂಬರದಲ್ಲಿ ಶಿವಾಜಿ ವಿದ್ಯಾಪೀಠವು ಸ್ಥಾಪಿತವಾದ ಮೇಲೆ ಅವರು ಅದರ ಕಲಾವಿಭಾಗದ ಡೀನರಾದರು. ಹೊಸ ವಿದ್ಯಾಪೀಠದಲ್ಲಿ ಪಠ್ಯಕ್ರಮಗಳನ್ನು ಗೊತ್ತುಪಡಿಸುವದು, ಪರೀಕ್ಷೆಯ ಮಟ್ಟವನ್ನು ಕಾಯುವದು, ಸಂಶೋಧನೆಗೆ ದಾರಿ ಹಾಕುವದು ಡೀನರಾದವರ ಹೊಣೆ. ಮಹಾರಾಷ್ಟ್ರದ ಒಂದು ವಿದ್ಯಾಪೀಠವು, ಶಿವಾಜಿ ಮಹಾರಾಜರ ಹೆಸರನ್ನೇ ಹೊತ್ತದ್ದು, ಆ ಹೊಣೆಯನ್ನು ಚಿಕ್ಕೋಡಿ ತಾಲೂಕಿನ ಕನ್ನಡಿಗನೊಬ್ಬನಿಗೆ ಒಪ್ಪಿಸಿತೆಂಬದು ಆ ವಿದ್ಯಾಪೀಠಕ್ಕೂ ಭೂಷಣ, ಈ ಮನುಷ್ಯನಿಗೂ ಭೂಷಣ.

1966ರಲ್ಲಿ ಅಲೀಗಡದಲ್ಲಿ ನೆರೆದ ಅಖಿಲ ಭಾರತ ಪ್ರಾಚ್ಯವಿದ್ಯಾ ಪರಿಷತ್ತು ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. 1967ರಲ್ಲಿ ಶ್ರವಣಬೆಳಗೊಳದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯನ್ನು ಅವರು ವಹಿಸಿದರು. ಅದೇ ವರ್ಷ ಮಹಾಜನ ಆಯೋಗದ ವರದಿಯು ಹೊರಬಿದ್ದು ಗಡಿಯ ಪ್ರಶ್ನೆಯು ಕಾವೇರಿತು. ಆ ಕಾವಿನ ದಿವಸಗಳಲ್ಲಿ ಕನ್ನಡದ ಅತ್ಯುನ್ನತ ಸಾಹಿತ್ಯಪೀಠದಲ್ಲಿ ಕೂತವರು ಕೊಲ್ಲಾಪುರದ ನಿವಾಸಿಗಳಾಗಿದ್ದರು. ಭೂಮಿಯ ಮೇಲಿನ ಗೆರೆಯನ್ನು ಎಳೆಯುವದು ಆಯೋಗಗಳ ಕೆಲಸ. ಆ ಗೆರೆಯ ಎರಡೂ ಕಡೆಗೆ ಕನ್ನಡದ ಓಲೆಗಳೂ ಕಲ್ಲುಗಳೂ ಇರುವವೆಂಬದನ್ನು ಪ್ರಮಾಣದಿಂದ ತೋರಿಸಿಕೊಟ್ಟದ್ದು ಉಪಾಧ್ಯೆಯವರ ಕೆಲಸ. ಅದನ್ನು ಯಾವ ಆಯೋಗವೂ ತಿದ್ದಲಾರದು.

1971ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗವನ್ನು ತೆರೆದು ಅವರನ್ನು ಮೊದಲ ಪ್ರಾಧ್ಯಾಪಕರನ್ನಾಗಿ ಬರಮಾಡಿಕೊಂಡಿತು. ಅರವತ್ತೈದರ ವಯಸ್ಸಿನಲ್ಲಿ ಅವರು ಹೊಸ ವಿಭಾಗವನ್ನು ಕಟ್ಟಲು ಹೊರಟರು. ಅದೇ ಅವಧಿಯಲ್ಲಿ ವಿದೇಶಗಳ ಪ್ರಾಚ್ಯವಿದ್ಯಾ ಸಮ್ಮೇಳನಗಳಿಗೂ ಹೋಗಿಬಂದರು. 1975ರ ಅಕ್ಟೋಬರದಲ್ಲಿ, ಎಪ್ಪತ್ತು ತುಂಬುವ ಮೊದಲೇ, ಅವರು ದೈವಾಧೀನರಾದರು. ನಾನಾ ಪತ್ರಿಕೆಗಳಲ್ಲಿ ಹರಡಿಹೋಗಿದ್ದ ಅವರ ಲೇಖನಗಳನ್ನು ಕೂಡಿಸಿ ಮೈಸೂರು ವಿಶ್ವವಿದ್ಯಾನಿಲಯದ ಪ್ರಸಾರಾಂಗವು 1983ರಲ್ಲಿ ಒಂದೇ ಸಂಪುಟವಾಗಿ ಪ್ರಕಟಿಸಿತು. ಅದರ ಹೆಸರು ಉಪಾಧ್ಯೆ ಪೇಪರ್ಸ್. ಮನುಷ್ಯನು ಹೋದ ಮೇಲೆ ಅವನ ಕಾಗದಗಳನ್ನು ರದ್ದಿಗೆ ಹಾಕುವ ನಮ್ಮ ದೇಶದಲ್ಲಿ ಇದು ಸ್ತುತ್ಯವಾದ ಕಾರ್ಯ.

ಅವರ ಮೇಲೆ ಒಂದು ಆಕ್ಷೇಪವನ್ನು ಹೇಳುವವರುಂಟು. ಕನ್ನಡದವರಾಗಿಯೂ ಅವರು ತಮ್ಮ ಮುಖ್ಯ ಬರವಣಿಗೆಯನ್ನೆಲ್ಲ ಇಂಗ್ಲಿಷಿನಲ್ಲಿ ಮಾಡಿದರು. ಅದರ ಫಲವು ಹೊರಗಿನವರಿಗೆ ಸಿಕ್ಕಿತು, ಮನೆಯವರಿಗೆ ಸಿಕ್ಕಲಿಲ್ಲ ಎಂದು. ಈ ಮಾತಿನಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಸದಲಗೆಯ ರೈತನ ಮಗನು ಇಂದು ಕೇಶವವರ್ಣಿಯ ಕಥೆಯನ್ನು ಓದಬೇಕೆಂದರೆ ಇಂಗ್ಲಿಷಿನ ಬಾಗಿಲಿನಿಂದಲೇ ಒಳಗೆ ಹೋಗಬೇಕಾಗುವದು. ಆದರೆ ಕನ್ನಡದ ಹಕ್ಕನ್ನು ಸ್ಥಾಪಿಸಬೇಕಾಗಿದ್ದದ್ದು ಕನ್ನಡವನ್ನು ಅರಿಯದವರ ನ್ಯಾಯಾಸನದ ಎದುರಿಗೆ. ಜರ್ಮನಿಯ, ಪುಣೆಯ, ಕಾಶಿಯ ಪಂಡಿತರು ಒಪ್ಪಬೇಕಾದರೆ ಅವರು ಓದುವ ಭಾಷೆಯಲ್ಲಿಯೇ ವಾದಿಸಬೇಕಾಗಿದ್ದಿತು. ಅವರು ವಾದಿಸಿ ಗೆದ್ದರು. ಆ ತೀರ್ಪಿನ ನಕಲನ್ನು ಕನ್ನಡದಲ್ಲಿ ಮನೆಮನೆಗೆ ಮುಟ್ಟಿಸುವ ಹೊಣೆಯು ಅವರ ಹಿಂದೆ ಉಳಿದವರದು, ಅಂದರೆ ನಮ್ಮದು.

ಈ ಹೊಣೆಯನ್ನು ನಾವು ಎಷ್ಟರಮಟ್ಟಿಗೆ ಹೊತ್ತಿರುವೆವು? ಅವರಿಗೆ ಗೌರವ ತೋರಬೇಕೆಂದರೆ ರಸ್ತೆಗೆ ಹೆಸರಿಡುವದೊಂದೇ ದಾರಿಯಲ್ಲ. ನಮ್ಮ ಐದೂ ತಾಲೂಕುಗಳಲ್ಲಿ ಹಳೆಯ ಬಸದಿಗಳಿವೆ, ಮಠಗಳಿವೆ, ಪುರೋಹಿತರ ಮನೆಗಳಿವೆ. ಅಟ್ಟದ ಮೇಲೆ ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟ ಓಲೆಯ ಕಟ್ಟುಗಳು ಗೆದ್ದಲಿಗೂ ಮಳೆಗೂ ತುತ್ತಾಗುವ ಮೊದಲು ಅವುಗಳ ಯಾದಿಯೊಂದನ್ನು ಮಾಡುವದು ಊರಿನ ತರುಣರಿಗೆ ಅಸಾಧ್ಯವಾದ ಕಾರ್ಯವೇನೂ ಅಲ್ಲ. ಇಂದು ಒಂದು ಓಲೆಯ ಚಿತ್ರವನ್ನು ತೆಗೆಯಲು ಕಿಸೆಯಲ್ಲಿಯ ಮೊಬೈಲೇ ಸಾಕು. ಉಪಾಧ್ಯೆಯವರ ಕಾಲದಲ್ಲಿ ಒಂದು ಪ್ರತಿಯ ನಕಲಿಗಾಗಿ ತಿಂಗಳುಗಟ್ಟಲೆ ಕಾಯಬೇಕಾಗುತ್ತಿದ್ದಿತು. ನಮ್ಮ ಕಾಲೇಜುಗಳು ಕನ್ನಡದ ವಿದ್ಯಾರ್ಥಿಗಳಿಗೆ ಹಳೆಯ ಲಿಪಿಯನ್ನು ಕಲಿಸಬೇಕು. ಯಾವ ಸಂಸ್ಥೆಯಾದರೂ ಮುಂದೆ ಬಂದು ಅವರ ಮುಖ್ಯ ಪೀಠಿಕೆಗಳನ್ನೂ ಯಾಪನೀಯ, ಗೊಮ್ಮಟ, ಕೇಶವವರ್ಣಿಗಳ ಲೇಖನಗಳನ್ನೂ ತಿಳಿಗನ್ನಡದಲ್ಲಿ ಸುಲಭ ಬೆಲೆಗೆ ದೊರಕಿಸಬೇಕು.

ಓಲೆಯನ್ನು ಓದಬಲ್ಲವನು ಇಲ್ಲದಿದ್ದರೆ ಓಲೆಯಿದ್ದೂ ಇಲ್ಲದಂತೆಯೇ. ಕೊಲ್ಲಾಪುರದ ಮಠದಲ್ಲಿ ವರಾಂಗಚರಿತವು ಎಷ್ಟೋ ತಲೆಮಾರು ಹಾಗೆಯೇ ಬಿದ್ದಿದ್ದಿತು. ಪೂಜೆಗೊಳ್ಳುತ್ತಿದ್ದಿತು, ಆದರೆ ಓದಲ್ಪಡುತ್ತಿರಲಿಲ್ಲ. ದೂಧಗಂಗೆಯ ತೀರದ ಉಪಾಧ್ಯೆಯ ಮಗನು ಬಂದು ಕಟ್ಟನ್ನು ಬಿಚ್ಚಿದನು. ಇನ್ನೂ ಬಿಚ್ಚದ ಕಟ್ಟುಗಳು ನಮ್ಮ ಸೀಮೆಯಲ್ಲಿ ಎಷ್ಟಿವೆಯೋ, ಅವುಗಳನ್ನು ಬಿಚ್ಚುವವರು ನಮ್ಮ ಮನೆಗಳಿಂದಲೇ ಹುಟ್ಟಿಬರಬೇಕು.